ಚರಟದ ತೂಕ

ಮೂವತ್ತು ಗ್ರಾಂ ಪುಡಿ, ಅರ್ಧ ಲೀಟರು ನೀರು.
ಓರ್ವೊಕ್ಕಿ ತಕ್ಕಡಿಗೆ ಬಾಗಿದ್ದಾಳೆ, ಕನ್ನಡಕ ಹಣೆಯ ಮೇಲೆ,
ಉಸಿರು ತಾಕಿದರೂ ಅಂಕಿ ಅಲುಗೀತೆಂಬಂತೆ.
ಹೊರಗೆ ಬೆಳಗಿನ ಒಂಬತ್ತು, ಇನ್ನೂ ಕತ್ತಲೆ.
ಕೆಮಿಯ ಬಂದರಿನಲ್ಲಿ ಸಮುದ್ರ
ಕಲ್ಲಾಗಿ ಮಲಗಿದೆ.

ಹಿಮಗಡ್ಡೆ ಒಡೆಯುವ ಹಡಗಿನಲ್ಲಿ ಎಂಜಿನ್ನಿನವನು ನಾನು.
ಅಲ್ಲಿ ಕಾಫಿಯೆಂದರೆ ಕುದಿದದ್ದು, ಕುದಿದದ್ದೇ ಮತ್ತೆ ಕುದಿದದ್ದು.
ಅಡುಗೆಯ ಉರ್ಹೊ ಹಳೆಯ ಚರಟದ ಮೇಲೆಯೇ
ಹೊಸ ಪುಡಿ ಸುರಿಯುತ್ತಿದ್ದ, ಸೋಮವಾರದಿಂದ ಶನಿವಾರದವರೆಗೆ.
ನಾಲಿಗೆ ಸುಟ್ಟು, ಗಂಟಲು ಹಿಡಿದು,
ಹೊಟ್ಟೆಯಲ್ಲಿ ಲಂಗರು ಬಿದ್ದಂತೆ ಕೂತರೆ
ಅದು ಸ್ಟ್ರಾಂಗ್.

'ಅದು ಸ್ಟ್ರಾಂಗ್ ಅಲ್ಲ ಟೈಸ್ಟೊ, ಅದು ಕಹಿ'
ಎಂದಳು, ಮದುವೆಯಾದ ಮೂವತ್ತನಾಲ್ಕನೆಯ ವರ್ಷ,
ಮೊದಲ ಸಲ.
'ಎರಡೂ ಬೇರೆ.'

ಕಾಗದದ ಗಿರಣಿಯ ಪ್ರಯೋಗಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದವಳು.
ಮರ ಬೇಯಿಸಿದರೆ ಎಷ್ಟು ಕರಗಿತು, ಎಷ್ಟು ನಾರು ಉಳಿಯಿತು,
ಅಳೆಯುವುದೇ ಕಸುಬು.
ಹೋದ ವಸಂತದಲ್ಲಿ ಗಿರಣಿಗೆ ಬೀಗ ಬಿತ್ತು.
ಬಿಳಿ ಕೋಟು ಮಡಿಚಿ ಮನೆಗೆ ತಂದಳು, ಜೊತೆಗೊಂದು ಬೀಕರು.
ಕೇಳಿ ತಂದಳೋ ಕೇಳದೆಯೋ,
ನಾನು ಕೇಳಲಿಲ್ಲ.
ಕತ್ತಲಾಗದ ಬೇಸಿಗೆಯಿಡೀ ಕಿಟಕಿಯ ಪರದೆ ತೆರೆಯಲಿಲ್ಲ.
ಅಕ್ಟೋಬರಿನಲ್ಲಿ ಅಂಚೆಯ ಮೂಲಕ
ಈ ತಕ್ಕಡಿ ಬಂತು.

ಕುಡಿದಾದ ಮೇಲೆ ಚರಟ ಎಸೆಯಗೊಡಲಿಲ್ಲ.
ತಟ್ಟೆಯಲ್ಲಿ ಹರಡಿ, ಓವನ್ನಿನಲ್ಲಿ ಒಣಗಿಸಿ,
ತಣಿಯಲು ಬಿಟ್ಟು, ತೂಗಿ ಬರೆದಳು
ಗಿರಣಿಯ ಅದೇ ನೀಲಿಗೆರೆಯ ಪುಸ್ತಕದಲ್ಲಿ,
ಕೊನೆಯ ಮಾದರಿಯ ಕೆಳಗೆ,
ಒಂದೇ ಒಂದು ಸಾಲು ಬಿಟ್ಟು.

'ಇಪ್ಪತ್ತಾರು ಉಳಿದಿದೆ. ನೀರಿಗೆ ಬಂದದ್ದು ನಾಲ್ಕೇ.
ಅವಸರ ಮಾಡಿದೆ, ಅದಕ್ಕೇ ಈ ಹುಳಿ.'
ಹೌದು, ಬಲಿಯದ ಲಿಂಗನ್‌ಬೆರ್ರಿ ಕಚ್ಚಿದ ಹಾಗಿತ್ತು.
ಮರುದಿನ ಪುಡಿ ನುಣ್ಣಗೆ, ನೀರು ನೂಲಿನಷ್ಟು ಸಣ್ಣಗೆ.
ಇಪ್ಪತ್ತೆರಡು ಉಳಿಯಿತು.
ಬರೀ ಒಗರು. ಹಲ್ಲಿಗೆ ಗೋಣಿಚೀಲ ಉಜ್ಜಿದ ಹಾಗೆ.
'ಹಿಂಡಿ ಹಿಪ್ಪೆ ಮಾಡಿಬಿಟ್ಟರು' ಎಂದಳು.
ಮಾಡಿಬಿಟ್ಟೆ ಎನ್ನಬೇಕಿತ್ತು.
ನಾನು ತಿದ್ದಲಿಲ್ಲ.

'ಇಪ್ಪತ್ತನಾಲ್ಕು ಉಳಿಯಬೇಕು. ಅದು ಹದ.
ಐದರಲ್ಲಿ ಒಂದು ಪಾಲು ಮಾತ್ರ ನಮ್ಮದು,
ಮಿಕ್ಕದ್ದು ಬೀಜ ತನಗೆಂದು ಇಟ್ಟುಕೊಂಡದ್ದು.'
'ಹಾಗಾದರೆ ನನ್ನ ಸ್ಟ್ರಾಂಗ್?'
'ಅದಕ್ಕೆ ಕುದಿಸಬೇಕಿಲ್ಲ, ಗಂಟೆಗಟ್ಟಲೆ ಕಾಯಿಸಬೇಕಿಲ್ಲ.
ಇನ್ನಾರು ಗ್ರಾಂ ಪುಡಿ ಹಾಕು,
ನೀರು ಅಷ್ಟೇ ಇರಲಿ.
ಹೆಚ್ಚು ಜನ ಸೇರಿ ತಲಾ ಸ್ವಲ್ಪ ಕೊಡಲಿ,
ಇದ್ದವರನ್ನೇ ಉಜ್ಜಬೇಡ.'

ನವೆಂಬರು ಹೀಗೇ ಕಳೆಯಿತು.
ಒಂದು ದಿನ ಕೆಟಲು ಕೆಟ್ಟಿತು, ಒಂದು ದಿನ ಅವಳ ಮನಸ್ಸು,
ಅಂದು ಇಬ್ಬರೂ ಬರೀ ನೀರು ಕುಡಿದೆವು.
ಪುಸ್ತಕದಲ್ಲಿ ಆ ದಿನಕ್ಕೂ ಒಂದು ಸಾಲಿದೆ: ತಾರೀಖು, ಮುಂದೆ ಅಡ್ಡಗೆರೆ.

ಇಂದು ಮೂವತ್ತಾರು ಗ್ರಾಂ.
ನಾನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದೆ.
ಗಾಢವಾಗಿತ್ತು, ಎಂಜಿನ್ ಕೋಣೆಯಷ್ಟು ಗಾಢ.
ಕಹಿಯಿರಲಿಲ್ಲ.
ಹೀಗೂ ಇರಬಹುದೆಂದು ಐವತ್ತೆಂಟು ವರ್ಷ
ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.
ಉರ್ಹೊನ ಕರಿ ಕೆಟಲಿನ ನೆನಪಾಗಿ
ಸ್ವಲ್ಪ ನಾಚಿಕೆ, ಸ್ವಲ್ಪ
ಆ ಸುಟ್ಟ ವಾಸನೆಯ ಆಸೆಯೂ ಆಯಿತು. ಅದನ್ನು ಹೇಳಲಿಲ್ಲ.

'ಹೇಗಿದೆ?'

'ಕುಡಿಯಬಹುದು' ಎಂದೆ.

ಅವಳು ಕನ್ನಡಕ ಮೂಗಿಗಿಳಿಸಿ,
ಗೆರೆಯ ತುದಿಯ ಷರಾ ಕಾಲಮ್ಮಿನಲ್ಲಿ
ಅದನ್ನೇ ಬರೆದು, ಪಾಳಿ ಮುಗಿಸಿದವಳಂತೆ
ಕೆಳಗೆ ಸಹಿ ಹಾಕಿದಳು.