ಅರವತ್ತೊಂದನೆಯ ಪುಟ

ಮಂಗಳವಾರ, ಗುರುವಾರ ನನ್ನ ಪಾಳಿ.
ಓಮರೂ ಪಟ್ಟಣದ ಬಿಳಿಕಲ್ಲಿನ ಬೀದಿಯಲ್ಲಿ
ಹಾಸ್ಪೈಸಿನವರ ಹಳೆ ಸಾಮಾನಿನ ಅಂಗಡಿ.
ಕೆಟಲಿಗೆ ನಾಲ್ಕು ಡಾಲರ್, ಕೋಟಿಗೆ ಆರು,
ಪುಸ್ತಕ ಯಾವುದಾದರೂ ಒಂದೇ.
ಜೋಡಿ ತಪ್ಪಿದ ಶೂಗಳನ್ನು ಮಾರ್ನಿ ಎಸೆಯಗೊಡುವುದಿಲ್ಲ.
‘ಇದರ ಒಂಟಿಕಾಲಿನವನು ಎಲ್ಲೋ ಇದ್ದಾನೆ’ ಅನ್ನುತ್ತಾಳೆ,
ಹನ್ನೊಂದು ವರ್ಷದಿಂದ.

ನನ್ನದು ಪುಸ್ತಕದ ಮೂಲೆ.
ಕೊಲೆ ಇದ್ದರೆ ಮೊದಲು ನನ್ನ ಚೀಲಕ್ಕೆ,
ಡಾಲರ್ ಡಬ್ಬಿಗೆ ಹಾಕಿಯೇ; ನಾನು ಕಳ್ಳಿಯಲ್ಲ.
ಜುಲೈ ತಿಂಗಳ ಚಳಿ, ಐದಕ್ಕೇ ಕತ್ತಲೆ,
ಪಾದದ ಕೆಳಗೆ ಬಿಸಿನೀರಿನ ಚೀಲ,
ಸುಟ್ಟ ಬ್ರೆಡ್ಡಿನ ಮೇಲೆ ಚೀಸು,
ಯಾವುದೋ ಬಂಗಲೆಯ ಓದುಕೋಣೆಯಲ್ಲಿ
ಯಾರೋ ಬೋರಲು ಬಿದ್ದಿದ್ದಾರೆ.
ಇದಕ್ಕಿಂತ ನೆಮ್ಮದಿ ನನಗೆ ಗೊತ್ತಿಲ್ಲ.

ಪೆನ್ಸಿಲ್ ಗುರುತು ಮೊದಲು ಕಂಡದ್ದು ಹೋದ ಚಳಿಗಾಲ.
ಅರವತ್ತೊಂದನೆಯ ಪುಟ, ಅಂಚಿನಲ್ಲಿ, ಇರುವೆಯಷ್ಟು ಸಣ್ಣಕ್ಕೆ:
ಡಾಕ್ಟರ್.
ತಪ್ಪು. ಕೊಂದದ್ದು ತಂಗಿ.
ಇನ್ನೊಂದರಲ್ಲೂ ಅದೇ ಪುಟ, ಅದೇ ಕೈ: ಡಾಕ್ಟರ್.
ಅದೂ ತಪ್ಪು; ಅಂಚೆಯವನು.
ಮೂರನೆಯದರಲ್ಲಿ ಡಾಕ್ಟರೇ ಇರಲಿಲ್ಲ,
ದನದ ಡಾಕ್ಟರೊಬ್ಬ ಒಂದು ಸಾಲಿನಲ್ಲಿ ಬಂದು ಹೋಗುತ್ತಾನೆ.
ಅವನ ಮೇಲೂ ಗುಮಾನಿ.

ಪತ್ತೆ ಹಚ್ಚದೆ ಬಿಡುವವಳಲ್ಲ ನಾನು.
ಗಿರಾಕಿಗಳ ಬೆರಳು ನೋಡಿದೆ,
ಕಿವಿಗೆ ಪೆನ್ಸಿಲ್ ಸಿಕ್ಕಿಸಿದ ಬಡಗಿಯನ್ನು
ಮೂರು ವಾರ ಸಂಶಯದಲ್ಲಿಟ್ಟೆ.
ಒಂದು ದಿನ ಅಂಗಡಿ ತುಂಬಿದ್ದಾಗ ಗಟ್ಟಿಯಾಗಿ ಹೇಳಿದೆ:
‘ಡಾಕ್ಟರು ಹಾಗೆಲ್ಲ ಕೊಲ್ಲುವುದಿಲ್ಲ, ಅಲ್ಲವಾ ಮಾರ್ನಿ?’
ಕುಂಬಳಕಾಯಿ ಕಳ್ಳ ಅಂದರೆ
ಯಾರಾದರೂ ಹೆಗಲು ಮುಟ್ಟಿಕೊಳ್ಳಬೇಕಲ್ಲ;
ಯಾರೂ ಮುಟ್ಟಿಕೊಳ್ಳಲಿಲ್ಲ.
ಒಬ್ಬಾಕೆ ಮಾತ್ರ ನಕ್ಕಳು, ನೀಲಿ ಉಣ್ಣೆಯ ಟೋಪಿ,
ಹಾಲಿನ ಜಗ್ಗಿನ ಬೆಲೆ ಕೇಳಿ, ಕೊಳ್ಳದೆ ಹೋದಳು.

ಹೋದ ಗುರುವಾರ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆ ಮೂರು,
ಒಟ್ಟಿಗೇ.
ಈ ಗಲ್ಲಾದ ಹಿಂದೆ ಕೂತವರಿಗೆ ಗೊತ್ತು:
ಪುಸ್ತಕ ಒಂದೊಂದೇ ಬಂದರೆ ಓದಿ ಕೊಟ್ಟದ್ದು.
ಎಲ್ಲದರ ಮೇಲೆ ನೀಲಿ ಟೋಪಿ.

‘ನಮ್ಮ ಇಸೊಬೆಲ್ ಅತ್ತೆಯದು,’ ಅಂದಳು ತಂದುಕೊಟ್ಟ ಹುಡುಗಿ.
‘ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೆರಡು ವರ್ಷ
ಡಾಕ್ಟರುಗಳ ಕೋಟು ಒಗೆದವಳು.’
ಓಹೋ! ಅಂದುಬಿಟ್ಟೆ, ಜೋರಾಗಿ.
ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು.
‘ಕೊನೆಯ ಹನ್ನೆರಡು ದಿನ ನಿಮ್ಮ ಹಾಸ್ಪೈಸಿನಲ್ಲೇ.
ತಲೆಯ ಕಡೆ ಏರಿಸುವ ಮಂಚ, ಓದೋಕೆ ಹಿತ ಅಂತಿದ್ದಳು.’

ಆ ಮಂಚ ನನಗೆ ಗೊತ್ತು. ಅದಕ್ಕೆ ಚಿಲ್ಲರೆ ಎಣಿಸಿದವಳು ನಾನು:
ಕೆಟಲುಗಳು, ಕೋಟುಗಳು, ಡಾಲರಿಗೊಂದು ಕೊಲೆ.
ಅದರ ಒಂದು ಬೋಲ್ಟು, ಹೆಚ್ಚೆಂದರೆ ಒಂದೂವರೆ,
ಅವಳದೇ ಇರಬೇಕು.

ನಲವತ್ತೊಂದು ಪುಸ್ತಕ. ನಲವತ್ತರಲ್ಲಿ ಡಾಕ್ಟರ್.
ಕೊನೆಯದರಲ್ಲಿ, ಅರವತ್ತೊಂದನೆಯ ಪುಟಕ್ಕೆ,
ಊಟದ ಚೀಟಿ ಸಿಕ್ಕಿಸಿದೆ (ಜೆಲ್ಲಿ ಬೇಡ, ಟೀ ಬೇಕು),
ಅಂಚಿನಲ್ಲಿ, ಅಕ್ಷರ ಜಾರಿ ಅಚ್ಚಿನ ಸಾಲಿನ ಮೇಲೆ ಹೋಗಿ:
ಯಾರೂ ಅಲ್ಲ.

ಉಳಿದದ್ದನ್ನು ಆ ರಾತ್ರಿ ನಾನು ಓದಿದೆ.
ಬಿಸಿನೀರಿನ ಚೀಲ ತಣ್ಣಗಾಯಿತು.
ಪೆಂಗ್ವಿನ್ನುಗಳು ಕಡಲಿಂದ ಹತ್ತಿ ಬಂದು
ಪಕ್ಕದ ಮನೆಯ ನೆಲದಡಿ ಜಾಗಕ್ಕೆ ಕಿತ್ತಾಡಿದವು.
ಇನ್ನೂರ ಹದಿನೆಂಟನೆಯ ಪುಟ. ಎದ್ದು ನಿಂತೆ.
ಅಯ್ಯೋ ಇಸೊಬೆಲ್,
ಡಾಕ್ಟರೇ ಕಣೇ!
ಕೋಟಿನ ತೋಳಿನಲ್ಲಿ ಕಲೆ,
ಎಷ್ಟು ತಿಕ್ಕಿದರೂ ಹೋಗದ್ದು.
ಯಾರನ್ನು ಎಬ್ಬಿಸಿ ಹೇಳಲಿ, ಎರಡು ಗಂಟೆ ರಾತ್ರಿಯಲ್ಲಿ?

ಮಂಗಳವಾರ ನಲವತ್ತಕ್ಕೂ ಬೆಲೆಯ ಚೀಟಿ ಅಂಟಿಸಿದೆ.
ಉಳಿದೊಂದಕ್ಕೆ ಡಬ್ಬಿಗೆ ಡಾಲರ್ ಹಾಕಿದೆ,
ಹಾಕಿದ್ದು ಮಾರ್ನಿಗೆ ಕೇಳಿಸುವಂತೆ.
ಮಧ್ಯಾಹ್ನ ಯಾರೋ ಬಂದಿದ್ದರು, ಊರುಗೋಲು,
ಎಡಗಾಲಿನ ಶೂ ಒಂದೇ ಇದೆಯಾ ಅಂತ.
ಮಾರ್ನಿ ಓಡಿಹೋಗಿ ತಂದಳು.
ಅಳತೆ ಬೇರೆ.