ಸೊನ್ನೆ ಟಿಕೆಟ್

ನಾಗಮಂಗಲದಿಂದ ಮಂಡ್ಯಕ್ಕೆ ಕೊನೇ ಟ್ರಿಪ್ಪು.
ಎಂಟು ದಿನದಿಂದ, ಫುಟ್‌ಬೋರ್ಡಿನಲ್ಲಿ ನಿಂತು
ಬಸರಾಳು, ಬಸರಾಳು ಎಂದು ಕೂಗುವಾಗಲೆಲ್ಲ
ಊರಿಗೇ ನನ್ನ ಗುಟ್ಟು ಸಾರಿದ ಹಾಗಾಗಿ
ಒಳಗೊಳಗೇ ನಗು ಬರುತ್ತಿತ್ತು.
ಅವತ್ತು ಬಸರಾಳಿನಲ್ಲಿ ಆರು ಜನ ಇಳಿದರು,
ಸೀಟಿ ಊದಿದೆ,
ತೊಡೆಯ ಸಂದಿಯಲ್ಲಿ ಬೆಚ್ಚಗೆ ಏನೋ ಜಾರಿತು.

ಚಿಲ್ಲರೆ ಎಣಿಸುವುದು ನಿಲ್ಲಿಸಲಿಲ್ಲ.
ಹಿಂದಿನ ಸೀಟಿನವನಿಗೆ ಎರಡು ರೂಪಾಯಿ ಬಾಕಿ,
ಟಿಕೆಟ್ಟಿನ ಬೆನ್ನಿಗೆ ಬರೆದುಕೊಟ್ಟಿದ್ದೆ, ಕೊಟ್ಟೆ.
ಆಮೇಲೆ ಡ್ರೈವರ್ ಸೀಟಿನ ಹಿಂದಿನ ಕಂಬಿ ಹಿಡಿದು
'ಸಿದ್ದಯ್ಯಣ್ಣ, ಸ್ವಲ್ಪ ಬೇಗ' ಎಂದೆ, ಅಷ್ಟೇ.
ಕನ್ನಡಿಯಲ್ಲಿ ನನ್ನ ಮುಖ ಒಮ್ಮೆ ನೋಡಿದ.
ಅಲ್ಲಿಂದ ಯಾರ ಸ್ಟಾಪೂ ಸ್ಟಾಪಾಗಲಿಲ್ಲ.
ಹನ್ನೊಂದು ಜನರನ್ನು ಕೂರಿಸಿಕೊಂಡೇ
ಬಸ್ಸು ದೊಡ್ಡಾಸ್ಪತ್ರೆ ಗೇಟಿಗೆ ಹೋಗಿ ನಿಂತಿತು.
ಬೈಯಲು ಬಾಯಿ ತೆರೆದ ಒಬ್ಬನ ಕೈ ಹಿಸುಕಿ
ಅವನ ಹೆಂಡತಿ ಕಿಟಕಿಯಾಚೆ ನೋಡಿದಳು.

ಕಬ್ಬಿನ ಟ್ರ್ಯಾಕ್ಟರಿಗೆ ಗುದ್ದಿದ ಹುಡುಗ, ಕಾಲಲ್ಲಿ ಒಂದೇ ಚಪ್ಪಲಿ.
ಕಚ್ಚಿದ ಹಾವನ್ನು ಕ್ಯಾರಿಬ್ಯಾಗಿನಲ್ಲಿ ಕಟ್ಟಿ ತಂದವನು
ಯಾರಿಗೆ ತೋರಿಸುವುದೆಂದು ತಿಳಿಯದೆ ನಿಂತಿದ್ದ.
'ಕೊನೇ ಸಲ ಯಾವಾಗ ಆಗಿದ್ರಿ?' ಸಿಸ್ಟರ್ ಕೇಳಿದಳು.
ತಾರೀಖು ನೆನಪಿಲ್ಲ.
ಪಾಂಡವಪುರದ ರೂಟಿಗೆ ಹಾಕಿದ್ದರಲ್ಲ, ಆ ಸೋಮವಾರ,
ಮೆಷಿನ್ ಕೆಟ್ಟು ಕೈಯಲ್ಲಿ ಹರಿದುಕೊಟ್ಟ ದಿನ.
ಆಕೆ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿ
ಆರು ವಾರ ಎಂದು ಬರೆದಳು.
'ಮನೆಯವರು?'
ಡೇರಿಯಲ್ಲಿ ರಾತ್ರಿ ಪಾಳಿ. ಫೋನು ಲಾಕರಿನಲ್ಲಿ.
'ಬ್ಯಾಗು ಕೆಳಗಿಡಮ್ಮ.'
ಇಡಲಿಲ್ಲ. ನಾಲ್ಕು ಸಾವಿರದ ಇನ್ನೂರ ಹದಿನೆಂಟು ರೂಪಾಯಿ,
ಡಿಪೋಗೆ ಕಟ್ಟುವ ತನಕ ನನ್ನ ಜವಾಬ್ದಾರಿ.
ಎದೆಗವಚಿಕೊಂಡು ಮಲಗಿದೆ.

ಪಕ್ಕದ ಮಂಚದ ಅಜ್ಜಿ
ಆಮ್ಲಜನಕದ ಮುಸುಕನ್ನು ಮೂಗಿನಿಂದ ಸರಿಸಿ
'ಎದುರ್ಕಬ್ಯಾಡ ಕನವ್ವ' ಎಂದಳು.
'ನಮ್ಮವ್ವಂಗೆ ನಾನು ಆರ್ನೇ ಹೆಣ್ಣು,
ಸಾಕು ಅಂತ ಸಾಕಮ್ಮ ಅಂದ್ರು.
ಯಾರ್ಗೂ ಬ್ಯಾಡಾಗಿದ್ರೂ ಬಂದೆ.
ಎಂಬತ್ತಾಯ್ತು, ಇನ್ನೂ ವೋಗ್ನಿಲ್ಲ.'
ಸಿಸ್ಟರ್ ಬಂದು ಮುಸುಕನ್ನು ಮತ್ತೆ ಸಿಕ್ಕಿಸಿದಳು.
ನನ್ನದು ಬೇಕು ಬೇಕೆಂದು ಬಂದದ್ದು, ಅಜ್ಜಿ.
ನಾಲ್ಕು ವರ್ಷ.

ಡಾಕ್ಟರು ನನಗಿಂತ ಚಿಕ್ಕವಳು.
ಪರದೆಯನ್ನು ನನ್ನ ಕಡೆ ತಿರುಗಿಸಿದಳು:
ಒಲೆಯ ಬೂದಿಯಂಥ ಬೂದು,
ನಡುವೆ ಕಪ್ಪಗೆ ಒಂದು ಸೊನ್ನೆ.
'ಚೀಲ ಗರ್ಭಕೋಶದೊಳಗೇ ಇದೆ, ಅದು ಒಳ್ಳೇದು.
ಬಡಿತ ಕಾಣ್ತಿಲ್ಲ. ಇನ್ನೂ ಬೇಗ ಇರಬಹುದು.
ಬರದೆಯೂ ಇರಬಹುದು. ಹತ್ತು ದಿನ ಬಿಟ್ಟು ನೋಡೋಣ.'
ಅಲ್ಲಿಯ ತನಕ ನಾನೇನು ಮಾಡಲಿ ಎಂದೆ.
ಅವಳು ಗ್ಲೌಸು ಬಿಚ್ಚುತ್ತಾ ನಿಂತಳು. ಉತ್ತರ ಅಷ್ಟೇ.

ಸೊನ್ನೆ.
ದಿನಕ್ಕೆ ಇನ್ನೂರು ಸಲ ಹರಿದುಕೊಡುತ್ತೇನೆ,
ಸೊಪ್ಪಿನ ಮಂಕರಿಯವಳಿಗೆ, ಕಾಲೇಜಿನ ಹುಡುಗಿಯರಿಗೆ,
ಮುನಿಸಿಕೊಂಡು ತವರಿಗೆ ಹೊರಟವಳಿಗೆ.
ಕೆಲವರು ಬೇಡ ಎನ್ನುತ್ತಾರೆ,
ದುಡ್ಡೇ ಇಲ್ಲದ್ದಕ್ಕೆ ಕಾಗದ ಯಾಕೆ ದಂಡ.
ತಗೊಳ್ಳಿ ಅಕ್ಕ, ಎನ್ನುತ್ತೇನೆ,
ಚೆಕಿಂಗ್ ಬಂದರೆ, ನೀವು ಬಸ್ಸಿನಲ್ಲಿದ್ದಿರಿ ಅನ್ನೋದಕ್ಕೆ
ಇದೊಂದೇ ಸಾಕ್ಷಿ.

ಹೊರಗೆ ಬಂದಾಗ ಹತ್ತೂವರೆ.
ಸಕ್ಕರೆ ಕಾರ್ಖಾನೆಯ ಕಡೆಯಿಂದ ಕಾಕಂಬಿಯ ವಾಸನೆ.
ಬಸ್ಸು ಖಾಲಿ, ಅಲ್ಲೇ ಇತ್ತು.
ಸಿದ್ದಯ್ಯಣ್ಣ ಟೈರು ಒದ್ದು ನೋಡುತ್ತಿದ್ದ.
ಏನೂ ಕೇಳಲಿಲ್ಲ. 'ಟ್ರಿಪ್ ಶೀಟು' ಎಂದ, 'ತುಂಬಿಲ್ಲ ನೀನು.'
ನನ್ನ ಸೀಟಿನಲ್ಲಿ ಕೂತು ಬರೆದೆ:
ಇಳಿದವರು ಹನ್ನೊಂದು.
ಉಳಿದವರು ಎಂಬಲ್ಲಿ ಯಾವಾಗಲೂ ಒಂದು ಗೆರೆ ಎಳೆಯುತ್ತೇನೆ.
ಪೆನ್ನು ಅಲ್ಲೇ ನಿಂತಿತು, ನಿಂತೇ ಇತ್ತು.

ಡಿಪೋ ತನಕ ನಾಲ್ಕು ಹಂಪು.
ಒಂದೊಂದು ಹಂಪು ಬಂದಾಗಲೂ ಆತ
ಬ್ರೇಕು ಮೆಟ್ಟಿ, ಗೇರು ಇಳಿಸಿ,
ಇಷ್ಟು ವರ್ಷ ಆ ಹಳೇ ಬಸ್ಸಿಗೆ ಬರುತ್ತದೆಂದೇ ಗೊತ್ತಿರದಷ್ಟು
ಮೆಲ್ಲಗೆ ದಾಟಿಸಿದ.