ಐದು ಜನ ಆಗುವ ತನಕ

ಬೊಗೊಟಾದಲ್ಲಿ ಬೆಳಗಿನ ಜಾವ ನಾಲ್ಕೂಕಾಲಿಗೆ
ಸೇತುವೆ ಕೆಳಗಿನ ದಾರಿಯ ಬಾಯಲ್ಲಿ ನಿಂತು ಕಾಯುತ್ತೇವೆ,
ಐದು ಜನ ಆಗುವ ತನಕ.
ಯಾರು ಹಾಕಿದ ಲೆಕ್ಕವೋ.
ಮೂವರನ್ನು ದೋಚಿದ್ದಾರೆ, ನಾಲ್ವರನ್ನೂ ಒಮ್ಮೆ.
ಐವರನ್ನು ಇನ್ನೂ ಇಲ್ಲ.

ಆಚೆ ತುದಿಗೆ ನಾನೂರು ಮೀಟರು.
ಚುನಾವಣೆಗೊಮ್ಮೆ ದೀಪ ಹಾಕಿಸುತ್ತಾರೆ,
ಚುನಾವಣೆ ಮುಗಿಯುವುದರೊಳಗೆ
ತಂತಿ ಗುಜರಿಗೆ ಹೋಗಿರುತ್ತದೆ.

ಬಸ್ಸಲ್ಲಿ ಎರಡೂಕಾಲು ಗಂಟೆ, ಒಂದು ಕಾಲಿನ ಮೇಲೆ.
ಸೈಕಲ್ಲಲ್ಲಿ ಒಂದೂಕಾಲು ಗಂಟೆ, ಎರಡೂ ಕಾಲಿನ ಮೇಲೆ.
ಉಳಿದ ಒಂದು ಗಂಟೆಯನ್ನು
ಮಗಳ ಪಕ್ಕ ಮಲಗಿ ಕಳೆಯುತ್ತೇನೆ,
ಉಳಿದ ಬಸ್ಸಿನ ದುಡ್ಡು ಅಕ್ಕಿಗೆ.

ನನ್ನ ಸೈಕಲ್ಲು ನೋಡಲಿಕ್ಕೆ ಚೆನ್ನಾಗಿಲ್ಲ.
ಕೆಡಿಸಿದ್ದು ನಾನೇ.
ಅಂಗಡಿಯಿಂದ ತಂದ ಸಂಜೆಯೇ
ಹೊಳೆಯುವ ನೀಲಿಯ ಮೇಲೆ
ಬಾಗಿಲಿಗೆ ಹಚ್ಚಿ ಮಿಕ್ಕ ಕಂದು ಬಳಿದೆ,
ಹ್ಯಾಂಡಲಿಗೆ ಹರಿದ ಟ್ಯೂಬು ಸುತ್ತಿದೆ.
ಮಗಳು ಅತ್ತಳು.
ಕಳ್ಳನ ಕಣ್ಣಿಗೆ ಇದು ಹೆಗ್ಗಣವಾಗಿರಲಿ ಕಣೇ,
ಹೆತ್ತವರಿಗೆ ಹೇಗೂ ಮುದ್ದು.

ಫ್ಲೋರಾಲ್ಬಾ ಶಾಲೆಯ ಅಡುಗೆಯವಳು,
ಫ್ಲಾಸ್ಕಿನಲ್ಲಿ ಬಿಸಿ ಬೆಲ್ಲದ ನೀರು ತರುತ್ತಾಳೆ;
ಮುಚ್ಚಳ ಒಂದೇ, ಸುತ್ತಿ ಬರುತ್ತದೆ.
ಗಾರೆಯವರು ಇಬ್ಬರು, ಅಣ್ಣ ತಮ್ಮ,
ಮಾತು ಬಿಟ್ಟು ಎರಡು ವರ್ಷ,
ಲೆಕ್ಕಕ್ಕೆ ಮಾತ್ರ ಕೂಡುತ್ತಾರೆ.
ಎದಿಲ್ಬೆರ್ತೊ ಬೆಸುಗೆಯವನು.
ಅವನ ಹಸಿರು ಸೈಕಲ್ಲು ಹೋದದ್ದು ಇಲ್ಲೇ,
ತಡವಾಗಿ ಒಬ್ಬನೇ ನುಗ್ಗಿದ ದಿನ.
ಚಾಕು ಹಿಡಿದವನು "ಕ್ಷಮಿಸಿ, ಮೇಸ್ತ್ರಿ" ಎಂದನಂತೆ,
ಊಟದ ಡಬ್ಬಿ ಬಿಚ್ಚಿ ಕೈಗೆ ಕೊಟ್ಟನಂತೆ.
ಡಬ್ಬಿಯ ಮಾತು ಬಂದರೆ ಈಗಲೂ ನಗುತ್ತಾನೆ,
ಸೈಕಲ್ಲಿನ ಮಾತು ಎತ್ತುವುದಿಲ್ಲ.

ಮೊನ್ನೆ ಅಣ್ಣನಿಗೆ ಜ್ವರ. ನಾವು ನಾಲ್ವರು.
ಚಳಿಗೆ ಬೆರಳು ಸೆಟೆದು
ಬ್ರೇಕು ಹಿಡಿದದ್ದೇ ತಿಳಿಯುತ್ತಿರಲಿಲ್ಲ.
ಆಗ ಬಂದ ಒಬ್ಬ ಹುಡುಗ, ಮೊಡವೆ ಮುಖ,
ದೀಪವಿಲ್ಲದ ಕಪ್ಪು ಸೈಕಲ್ಲು.
ಬೇಕರಿ ಕೆಲಸ, ಇವತ್ತೇ ಮೊದಲು ಅಂದ.
ಎದಿಲ್ಬೆರ್ತೊನ ಟಾರ್ಚು
ಅವನ ಮುಖ ನೋಡಿತು, ಕೈ ನೋಡಿತು,
ಇಳಿದು ಮುಂದಿನ ಫೋರ್ಕಿನಲ್ಲಿ ನಿಂತಿತು.
ಕಪ್ಪು ಬಣ್ಣದಡಿ
ಜೋಳದ ಕಾಳಿನಷ್ಟು ಬೆಸುಗೆಯ ಗಂಟು.
ತನ್ನ ಕೈಬರಹ ಯಾರಿಗೆ ಮರೆಯುತ್ತದೆ?

ಅವನು ಕಂಡದ್ದನ್ನು ನಾವೆಲ್ಲ ಕಂಡೆವು.
ತಮ್ಮ ಕೆಮ್ಮಿದ.
ಹುಡುಗ ಮಾತ್ರ ಅಂಗೈ ಉಜ್ಜುತ್ತಾ ನಿಂತಿದ್ದ.
"ಐದಾಯಿತು" ಅಂದಳು ಫ್ಲೋರಾಲ್ಬಾ.

ದೀಪವಿಲ್ಲದವರು ನಡುವೆ, ಅದು ನಮ್ಮ ಪದ್ಧತಿ.
ಹುಡುಗನ ಬೆನ್ನಿಗೆ ಎದಿಲ್ಬೆರ್ತೊ,
ಅವನ ಬೆಳಕಿನಲ್ಲಿ
ಅವನದೇ ಹಳೆಯ ಚಕ್ರ ಉರುಳುತ್ತಿತ್ತು.
ಮೂತ್ರದ ನಾತ, ಒದ್ದೆ ಗೋಡೆ,
ಐದು ಚೈನುಗಳ ಕಿರ್ ಕಿರ್,
ಕಂಬದ ಹಿಂದೆ ಬೀಡಿಯಂಥ ಒಂದು ಕಿಡಿ.
ಯಾರೂ ತಿರುಗಲಿಲ್ಲ.

ಆಚೆ ಹೊರಬಿದ್ದಾಗ
ಸಿಗ್ನಲ್ಲು ಖಾಲಿ ರಸ್ತೆಗೆ ಕೆಂಪು ತೋರುತ್ತಿತ್ತು.
ನಿಂತೆವು.
"ಎಷ್ಟು ಕೊಟ್ಟೆ?"
"ಎಂಬತ್ತು ಸಾವಿರ, ಯಜಮಾನರೆ. ಸಂತೆಯಲ್ಲಿ. ಅಮ್ಮ ಸಾಲ ತಂದಳು."
ಹಸಿರು ಬಂತು, ಹೋಯಿತು.
"ಮಳೆಯಲ್ಲಿ ಹಿಂದಿನ ಬ್ರೇಕು ಹಿಡಿಯುವುದಿಲ್ಲ.
ಇಳಿಜಾರಿನಲ್ಲಿ ಮುಂದಿನದನ್ನೇ ಒತ್ತು. ಮೆಲ್ಲಗೆ."
"ನಿಮಗೆ ಹೇಗೆ ಗೊತ್ತು?"
"ಸದ್ದಿನಲ್ಲೇ ತಿಳಿಯುತ್ತದೆ"
ಎಂದವನೇ ತುಳಿದ,
ಅಷ್ಟು ಜೋರಾಗಿ ಅವನು ತುಳಿದದ್ದು ನಾನು ಕಂಡಿಲ್ಲ.

ಮರುದಿನ ಅವನಿಲ್ಲ. ಅದರ ಮರುದಿನವೂ ಇಲ್ಲ.
ಅಣ್ಣ ಬಂದಿದ್ದ, ಹುಡುಗ ಎಲ್ಲರಿಗಿಂತ ಮೊದಲೇ ಬಂದಿದ್ದ,
ಅವನನ್ನು ಬಿಟ್ಟೂ ನಾವು ಐವರೇ. ಹೋದೆವು.
ದಾರಿಯುದ್ದ ನನಗೆ
ಕದ್ದ ಮಾಲು ಸಾಗಿಸಿದ ಹಾಗೆ ಅನಿಸಿತು.

ಮೂರನೆಯ ದಿನ ಜಿಟಿಜಿಟಿ ಮಳೆ.
ಇಳಿಜಾರಿನಿಂದ ಟಾರ್ಚೊಂದು ಇಳಿದು ಬಂದು ನಿಂತಿತು.
ಯಾರೂ ಏನೂ ಕೇಳಲಿಲ್ಲ.
ಮುಚ್ಚಳ ಒಂದು ಸುತ್ತು ಹೆಚ್ಚಾಗಿ ಬಂತು.
ಆರು ಜನ.
ಐದಾದ ಕೂಡಲೇ ಹೊರಟು ಅಭ್ಯಾಸವಾದವರು ನಾವು,
ಆರಾದ ಮೇಲೆ ಹೊರಡುವುದು ಯಾವಾಗ ಎಂದು ತಿಳಿಯದೆ
ಸ್ವಲ್ಪ ಹೊತ್ತು ಹಾಗೇ ನೆನೆಯುತ್ತಾ ನಿಂತಿದ್ದೆವು.